ಬೆಳಕಿನ ಋಣ

ಹುಣಸೂರು ಸೀಮೆಯಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಕಿಚ್ಚು ತಗಲಿ, ಒಂದು ಸಂಸಾರದ ವರ್ಷದ ದುಡಿಮೆ ಉರಿದುಹೋಗುತ್ತಿರುವಾಗ, ಬೇಲಿಯ ಆಚೆ ನಿಂತು ಜ್ವಾಲೆಯ ಬಣ್ಣವನ್ನು ಹೊಗಳುವವನಿದ್ದರೆ ಅವನನ್ನು ಯಾರೂ ಮೆಚ್ಚರು. ಆದರೆ ಬೆಂಕಿ ಸಾವಿರಾರು ಜ್ಯೋತಿರ್ವರ್ಷಗಳ ಆಚೆ ಹೊತ್ತಿ, ಅದರ ಬೆಳಕು ಮಾತ್ರ ಇಲ್ಲಿನ ಆಕಾಶದಲ್ಲಿ ಹೊಸದೊಂದು ಚುಕ್ಕೆಯಾಗಿ ಮೂಡಿತೆಂದರೆ, ಊರಿಗೆ ಊರೇ ಅಂಗಳಕ್ಕೆ ಬಂದು, ಮಕ್ಕಳನ್ನು ಎತ್ತಿ ತೋರಿಸಿ, ಎಂತಹ ಸೊಬಗೆಂದು ತಲೆದೂಗುವುದು. ಮೊದಲನೆಯದು ಹೃದಯಹೀನತೆಯೆಂದೂ ಎರಡನೆಯದು ಸೌಂದರ್ಯಾನುಭವವೆಂದೂ ಹೇಳುವುದು ವಾಡಿಕೆ. ಇವೆರಡಕ್ಕೂ ಇರುವ ಭೇದ ಕೇವಲ ದಾರಿಯ ದೂರದ್ದೆ? ಅದಕ್ಕಿಂತ ಹೆಚ್ಚಿನದೇನಾದರೂ ಉಂಟೆ? ಪರರ ನಾಶದಿಂದ ಬಂದ ಬೆಳಕನ್ನು ಯಾವ ಮನಸ್ಸಿನಿಂದ ನೋಡಬೇಕು? ಇದು ಖಗೋಳಶಾಸ್ತ್ರದ ಪ್ರಶ್ನೆಯಂತೆ ತೋರಿದರೂ ನಿಜವಾಗಿ ಧರ್ಮಜಿಜ್ಞಾಸೆಗೆ ಸೇರಿದ್ದು. ಆಕಾಶದಲ್ಲಿ ಆರಂಭವಾಗುವ ಈ ಪ್ರಶ್ನೆ ಕಡೆಗೆ ಹುಣಸೂರು, ಹೆಗ್ಗಡದೇವನಕೋಟೆ, ಕೃಷ್ಣರಾಜನಗರಗಳ ನೆಲದ ಮೇಲೆಯೇ ಬಂದು ನಿಲ್ಲುವುದೆಂಬುದು ಮುಂದೆ ತಿಳಿದೀತು.

೧

ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಎತ್ತಿದವರು ಆರ್ಥರ್ ಸಿ. ಕ್ಲಾರ್ಕ್ ಅವರು. ಇಂಗ್ಲೆಂಡಿನಲ್ಲಿ ೧೯೧೭ರಲ್ಲಿ ಹುಟ್ಟಿ, ೧೯೫೬ರಿಂದ ಸಿಂಹಳದಲ್ಲಿ ನೆಲಸಿ, ೨೦೦೮ರಲ್ಲಿ ಅಲ್ಲಿಯೇ ತೀರಿಕೊಂಡ ಈ ಲೇಖಕರು ೧೯೫೫ರಲ್ಲಿ ‘ದ ಸ್ಟಾರ್’, ಎಂದರೆ ‘ನಕ್ಷತ್ರ’, ಎಂಬ ಒಂದು ಸಣ್ಣ ಕಥೆಯನ್ನು ಪ್ರಕಟಿಸಿದರು. ಮರುವರ್ಷ ಅದಕ್ಕೆ ಹ್ಯೂಗೋ ಬಹುಮಾನ ಬಂದಿತು. ೧೯೮೫ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ ಹಬ್ಬದ ಹಿಂದಿನ ವಾರ, ಅಮೆರಿಕದ ದೂರದರ್ಶನದ ‘ಟ್ವೈಲೈಟ್ ಝೋನ್’ ಮಾಲೆಯಲ್ಲಿ ಅದೇ ಕಥೆ ಕಿರುಚಿತ್ರವಾಗಿ ತೆರೆಗೆ ಬಂದಿತು.

ಕಥೆಯ ಸಾರ ಇಷ್ಟು. ಭೂಮಿಯಿಂದ ಬಹುದೂರ ಹೋದ ಆಕಾಶನೌಕೆಯೊಂದು, ಸಿಡಿದು ಸತ್ತ ಸೂರ್ಯನೊಂದರ ಅವಶೇಷಗಳನ್ನು ಪರೀಕ್ಷಿಸಿ ಹಿಂದಿರುಗುತ್ತಿದೆ. ನೌಕೆಯ ಖಗೋಳವಿಜ್ಞಾನಿ ಜೆಸ್ಯುಯಿಟ್ ಪಂಥದ ಒಬ್ಬ ಪಾದ್ರಿ. ಆ ಸೂರ್ಯನಿಗೆ ಅತ್ಯಂತ ದೂರದಲ್ಲಿದ್ದ ಗ್ರಹದ ಮೇಲೆ, ಉರಿಗೆ ಸಿಕ್ಕಿಯೂ ಉಳಿದ ಒಂದು ಭಂಡಾರ ಅವರಿಗೆ ದೊರೆತಿದೆ. ತಮ್ಮ ಸೂರ್ಯನು ಸಿಡಿಯುವನೆಂದು ಮೊದಲೇ ತಿಳಿದಿದ್ದ ಒಂದು ಜನಾಂಗ, ತಪ್ಪಿಸಿಕೊಳ್ಳುವ ದಾರಿ ಕಾಣದೆ, ತನ್ನ ಕಲೆ, ವಿದ್ಯೆ, ಚಿತ್ರಗಳನ್ನೆಲ್ಲ ಅಲ್ಲಿ ಕೂಡಿಟ್ಟು ಅಳಿದುಹೋಗಿದೆ. ಆ ಚಿತ್ರಗಳಲ್ಲಿ ಕಡಲ ದಂಡೆಯ ಮರಳಿನಲ್ಲಿ ಆಡುವ ಮಕ್ಕಳೂ ಇದ್ದಾರೆ. ಪಾದ್ರಿಯು ಸ್ಫೋಟದ ಕಾಲವನ್ನು ಗಣಿಸುತ್ತಾನೆ. ಲೆಕ್ಕ ಮುಗಿದಾಗ ತಿಳಿದುಬರುವುದೇನೆಂದರೆ, ಆ ಬೆಳಕು ಭೂಮಿಯನ್ನು ಮುಟ್ಟಿದ್ದು ಏಸುಕ್ರಿಸ್ತನ ಜನನಕಾಲದಲ್ಲಿ. ಪೂರ್ವದೇಶದ ಜ್ಞಾನಿಗಳಿಗೆ ಬೆತ್ಲೆಹೇಮಿನ ದಾರಿ ತೋರಿದ ನಕ್ಷತ್ರ ಅದೇ. ಅಷ್ಟೊಂದು ನಕ್ಷತ್ರಗಳಿರುವಾಗ ದೇವರಿಗೆ ಈ ಜನವೇ ಬೇಕಾಗಿತ್ತೆ ಎಂಬ ಸಂಕಟದಲ್ಲಿ ಕಥೆ ನಿಂತುಹೋಗುತ್ತದೆ. ಚಿತ್ರದಲ್ಲಿ ಕಥೆಯ ಮೈ ಬಹುಮಟ್ಟಿಗೆ ಹಾಗೆಯೇ ಇದ್ದು ಕೊನೆ ಮಾತ್ರ ಬೇರೆಯಾಗಿದೆ. ಅಲ್ಲಿ ಪಾದ್ರಿಯ ಸಂಗಡಿಗನಾದ ಚಂದ್ರ ಎಂಬ ವಿಜ್ಞಾನಿ, ಅಳಿದ ಜನರೇ ಬರೆದಿಟ್ಟ ಒಂದು ಪದ್ಯವನ್ನು ತಂದು ಕೊಡುತ್ತಾನೆ. ತಮಗಾಗಿ ದುಃಖಿಸಬಾರದು, ತಾವು ತುಂಬಿದ ಬಾಳನ್ನು ಬಾಳಿದವರು ಎಂಬುದು ಅದರ ಭಾವ. ಅದರ ಬಲದಿಂದ ಪಾದ್ರಿಗೆ ಸಮಾಧಾನ ಹೇಳಲಾಗುತ್ತದೆ.

ಇಂತಹ ಚಿತ್ರವನ್ನು ನೋಡಿದ ಪ್ರೇಕ್ಷಕರೆಲ್ಲರೂ ಒಂದೇ ಭಾವದಿಂದ ಎದ್ದುಬರುವುದು ಸಾಧ್ಯವಿಲ್ಲ. ಅವರನ್ನು ಸ್ಥೂಲವಾಗಿ ಮೂರು ಪಂಗಡ ಮಾಡಬಹುದು. ಮೊದಲನೆಯವರು ವಿಸ್ಮಯಪಡುವವರು, ಸೂರ್ಯನೊಬ್ಬನು ಸಿಡಿಯುವ ಭವ್ಯತೆಯೇ ಅವರ ಕಣ್ಣಿನಲ್ಲಿ ನಿಲ್ಲುತ್ತದೆ. ಎರಡನೆಯವರು ನ್ಯಾಯ ಕೇಳುವವರು. ಮರಳಿನಲ್ಲಿ ಆಡಿದ ಮಕ್ಕಳನ್ನು ಅವರು ಮರೆಯಲಾರರು. ಮೂರನೆಯವರು, ಇದರಲ್ಲಿ ಕೇಳುವುದಕ್ಕೆ ಏನೂ ಇಲ್ಲ, ನಕ್ಷತ್ರಕ್ಕೆ ಮನಸ್ಸಿಲ್ಲ, ಮನಸ್ಸಿಲ್ಲದ ಕಡೆ ಪಾಪವಿಲ್ಲ ಎನ್ನುವವರು. ಇನ್ನು ಕೊನೆಯ ಸಮಾಧಾನದ ವಿಷಯದಲ್ಲಿ ಬೇರೆ ಎರಡು ಪಕ್ಷಗಳು ಏಳುತ್ತವೆ. ಆ ಪದ್ಯದಿಂದ ಮನಸ್ಸು ಹಗುರವಾಯಿತೆಂದು ಸಂತೋಷಪಡುವವರು ಕೆಲವರು. ಕಥೆಯ ಗಾಯಕ್ಕೆ ಚಿತ್ರವು ಬೇಗನೆ ಪಟ್ಟಿ ಕಟ್ಟಿಬಿಟ್ಟಿತೆಂದು ಆಕ್ಷೇಪಿಸುವವರು ಕೆಲವರು. ಈ ಅಭಿಪ್ರಾಯಗಳಲ್ಲಿ ಯಾವುದನ್ನೂ ಹುಸಿಯೆಂದು ತಳ್ಳುವಂತಿಲ್ಲ. ಒಂದೊಂದರಲ್ಲಿಯೂ ಎಷ್ಟು ನಿಜವಿದೆಯೆಂಬುದನ್ನು ಮಾತ್ರ ನೋಡಬೇಕು.

೨

ಮೊದಲು ವಿಸ್ಮಯಪಡುವವರ ಮಾತು. ಭರತನ ಕಾಲದಿಂದ ಅದ್ಭುತವು ರಸಗಳಲ್ಲಿ ಒಂದೆಂದು ಎಣಿಕೆಯಾಗಿದೆ. ವಿಸ್ಮಯ ಅದರ ಸ್ಥಾಯಿ. ನಾಟ್ಯವನ್ನು ನೋಡುವಾಗ ಸಹೃದಯನ ಭಾವವು ‘ನನ್ನದು’ ಎಂಬುದನ್ನೂ ‘ಪರರದು’ ಎಂಬುದನ್ನೂ ಬಿಟ್ಟು ಸಾಧಾರಣವಾಗುತ್ತದೆಂದು ಅಲಂಕಾರಿಕರು ಹೇಳಿದ್ದಾರೆ. ಆದಕಾರಣವೇ ಅವನು ರಂಗದ ಮೇಲಣ ದುಃಖವನ್ನು ಸಹ ಆಸ್ವಾದಿಸಬಲ್ಲ. ಮೈಸೂರಿನ ತತ್ತ್ವಜ್ಞರಾದ ಎಂ. ಹಿರಿಯಣ್ಣನವರು (೧೮೭೧–೧೯೫೦) ಈ ಅನುಭವವನ್ನು ಸ್ವಾರ್ಥದಿಂದ ಸಿಕ್ಕುವ ಕ್ಷಣಕಾಲದ ಬಿಡುಗಡೆಯೆಂದು ವಿವರಿಸಿದರು. ಹೀಗಿರಲು ಸಿಡಿಯುವ ನಕ್ಷತ್ರವನ್ನು ಕಂಡು ಬೆರಗಾಗುವವನನ್ನು ಕ್ರೂರಿಯೆನ್ನುವುದು ಸರಿಯಲ್ಲ.

ಹಾಗಾದರೆ ಬ್ಯಾರನ್ನಿನ ಬೆಂಕಿಯನ್ನು ನೋಡಿ ನಿಂತವನ ತಪ್ಪೇನು? ಅವನಿಗೂ ಜ್ವಾಲೆ ಸುಂದರವಾಗಿಯೇ ಕಂಡಿರಬಹುದು. ಅವನ ತಪ್ಪು ಸೌಂದರ್ಯವನ್ನು ಕಂಡದ್ದರಲ್ಲಿ ಇಲ್ಲ. ಒಂದು ಕೊಡ ನೀರು ತರಬಲ್ಲವನಾಗಿಯೂ ತಾರದೆ ನಿಂತದ್ದರಲ್ಲಿ ಇದೆ. ಕೈಲಾಗುವ ಕಡೆ ಪ್ರೇಕ್ಷಕನಾಗಿ ಉಳಿಯುವುದು ಅಧರ್ಮ; ಕೈಲಾಗದ ಕಡೆ ಪ್ರೇಕ್ಷಕತನವಲ್ಲದೆ ಬೇರೆ ಗತಿಯಿಲ್ಲ. ೧೦೫೪ರಲ್ಲಿ ಚೀನಾ ದೇಶದ ಜ್ಯೋತಿಷಿಗಳು ವೃಷಭರಾಶಿಯಲ್ಲಿ ಒಂದು ‘ಅತಿಥಿ ನಕ್ಷತ್ರ’ವನ್ನು ಕಂಡು ಬರೆದಿಟ್ಟರು. ಅದು ೨೩ ದಿನಗಳ ಕಾಲ ಹಗಲಿನಲ್ಲಿಯೂ ಕಾಣಿಸುತ್ತಿತ್ತು. ಅದರ ಅವಶೇಷವೇ ಈಗ ಏಡಿ ನೀಹಾರಿಕೆಯೆಂದು ಹೆಸರಾಗಿ ಸುಮಾರು ೬,೫೦೦ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಎಂದರೆ ಚೀನೀ ಜ್ಯೋತಿಷಿಯು ತಲೆಯೆತ್ತಿ ನೋಡಿದಾಗ ಆ ಅನಾಹುತ ನಡೆದು ಅರವತ್ತೈದು ಶತಮಾನಗಳಾಗಿದ್ದುವು. ಅವನು ನೀರಿನ ಕೊಡವನ್ನು ಹಿಡಿದು ಓಡಬೇಕಾಗಿತ್ತೆಂದು ಯಾರೂ ಹೇಳರು. ಆದಕಾರಣ ಭೇದವಿರುವುದು ದಾರಿಯ ಉದ್ದದಲ್ಲಿ ಅಲ್ಲ, ಶಕ್ಯತೆಯಲ್ಲಿ. ದೂರವು ಶಕ್ಯತೆಯನ್ನು ಕಡಿಮೆ ಮಾಡುವುದರಿಂದ ಮಾತ್ರ ಅದಕ್ಕೆ ಧರ್ಮವಿಚಾರದಲ್ಲಿ ಸ್ಥಾನ.

ಆದರೂ ಒಂದು ಮಾತು ಉಳಿಯುತ್ತದೆ. ಭಂಡಾರದ ಬಾಗಿಲು ತೆರೆದು ಮಕ್ಕಳ ಚಿತ್ರವನ್ನು ಕಂಡ ಮೇಲೆ ಪ್ರೇಕ್ಷಕನು ಮೊದಲಿನ ಶುದ್ಧ ವಿಸ್ಮಯಕ್ಕೆ ಮರಳಲಾರ, ಮರಳಬಾರದು. ಅದುವರೆಗೆ ಅದ್ಭುತವಾಗಿದ್ದುದು ಕರುಣವಾಗಿಬಿಡುತ್ತದೆ. ತಿಳಿಯದೆ ಆನಂದಪಟ್ಟದ್ದು ತಪ್ಪಲ್ಲ. ತಿಳಿದ ಮೇಲೆ ತಿಳಿಯದವನಂತೆ ಆನಂದಪಡುವುದು ತಪ್ಪು. ಎರಡನೆಯ ಪಂಗಡದವರು, ಎಂದರೆ ನ್ಯಾಯ ಕೇಳುವವರು, ಹಿಡಿದಿರುವ ನಿಜ ಇದು.

೩

ಇನ್ನು ಮೂರನೆಯವರ ವಾದ. ಇದು ಸಾಮಾನ್ಯವಾದುದಲ್ಲ, ವಿಜ್ಞಾನವೆಲ್ಲ ಇದರ ಬೆನ್ನಿಗಿದೆ. ಸೂರ್ಯನಿಗಿಂತ ಎಂಟು ಹತ್ತು ಪಟ್ಟಿಗೂ ಹೆಚ್ಚು ತೂಕದ ನಕ್ಷತ್ರ ತನ್ನ ಒಡಲಿನ ಇಂಧನವನ್ನು ಒಂದಾದಮೇಲೊಂದಾಗಿ ಉರಿಸುತ್ತ ಕೊನೆಗೆ ಕಬ್ಬಿಣದ ಗರ್ಭವನ್ನು ಕಟ್ಟಿಕೊಳ್ಳುತ್ತದೆ. ಕಬ್ಬಿಣವನ್ನು ಬೆಸೆದು ಶಕ್ತಿಯನ್ನು ಪಡೆಯುವುದು ಸಾಧ್ಯವಿಲ್ಲ. ಆಗ ತನ್ನ ಭಾರವನ್ನು ತಾನೇ ತಾಳಲಾರದೆ ಆ ಗರ್ಭವು ಒಂದು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಕುಸಿಯುತ್ತದೆ. ಹೊರಗಿನ ಪದರಗಳು ಸಿಡಿದುಹೋಗುತ್ತವೆ. ಇದೇ ಸೂಪರ್ನೋವಾ. ಇದಲ್ಲದೆ, ಬೆಂದು ಮುಗಿದ ಶ್ವೇತಕುಬ್ಜ ನಕ್ಷತ್ರವು ನೆರೆಯ ನಕ್ಷತ್ರದ ದ್ರವ್ಯವನ್ನು ಸೆಳೆದುಕೊಂಡು ಮಿತಿಯನ್ನು ಸಮೀಪಿಸಿದಾಗ ಸಿಡಿಯುವುದೂ ಉಂಟು. ಸೂರ್ಯನ ತೂಕದ ಸುಮಾರು ೧.೪ರಷ್ಟಿರುವ ಆ ಮಿತಿಯನ್ನು ೧೯೩೦ರಲ್ಲಿ, ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಲೆಕ್ಕ ಹಾಕತೊಡಗಿದವರು ಹತ್ತೊಂಬತ್ತರ ಹರೆಯದ ಸುಬ್ರಹ್ಮಣ್ಯನ್ ಚಂದ್ರಶೇಖರ್. ಈ ವಿಷಯಗಳನ್ನು ಕನ್ನಡದಲ್ಲಿ ತಿಳಿಯಹೇಳಿದವರಲ್ಲಿ ಮೈಸೂರಿನಲ್ಲಿದ್ದ ಜಿ. ಟಿ. ನಾರಾಯಣರಾಯರು ಪ್ರಮುಖರು. ಎಲ್ಲಿಯೂ ಇದರಲ್ಲಿ ದ್ವೇಷವಿಲ್ಲ, ಸಂಕಲ್ಪವಿಲ್ಲ; ತೂಕವೂ ಕಾವೂ ಮಾತ್ರ ಉಂಟು.

ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣಗಳ ರೈತನಿಗೆ ಈ ಮಾತು ಬೇರೊಂದು ಬಗೆಯಿಂದ ಪರಿಚಿತ. ಚಳಿಗಾಲದ ಇರುಳಿನಲ್ಲಿ ಮಹಾವ್ಯಾಧ ನಕ್ಷತ್ರಪುಂಜದ ತೋಳಿನಲ್ಲಿ ಕೆಂಪಗೆ ಹೊಳೆಯುವ ಆರ್ದ್ರೆಯನ್ನು ಅವನು ಬಲ್ಲ. ಅದರ ಹೆಸರಿನ ಮಳೆಯನ್ನು ಇನ್ನೂ ಚೆನ್ನಾಗಿ ಬಲ್ಲ. ಆ ಹೆಸರಿನ ಅರ್ಥ ಹಸಿಯಾದದ್ದು, ತೇವವುಳ್ಳದ್ದು ಎಂದು. ಅದರ ಅಧಿದೇವತೆಯೋ ರುದ್ರ. ೨೦೧೯ರ ಕೊನೆಯಲ್ಲಿಯೂ ೨೦೨೦ರ ಮೊದಲಲ್ಲಿಯೂ ಆ ನಕ್ಷತ್ರ ಕಣ್ಣಿಗೆ ಕಾಣುವಷ್ಟು ಮಂಕಾದಾಗ, ಅದು ಈಗಲೋ ಇನ್ನೊಂದು ಗಳಿಗೆಗೋ ಸಿಡಿದೀತೆಂದು ಲೋಕದ ತುಂಬ ಜನ ಕಾದರು. ಅದು ಸಿಡಿಯಲಿಲ್ಲ, ತಾನೇ ಉಗುಳಿದ ಧೂಳು ಅದರ ಮುಖಕ್ಕೆ ಅಡ್ಡವಾಗಿತ್ತೆಂದು ಆಮೇಲೆ ತಿಳಿಯಿತು. ಸಿಡಿಯುವ ಕಾಲವು ಒಂದು ಲಕ್ಷ ವರ್ಷಗಳೊಳಗೆ ಎಂದಾದರೂ ಬರಬಹುದು. ಅದು ಐನೂರಕ್ಕೂ ಹೆಚ್ಚು ಜ್ಯೋತಿರ್ವರ್ಷಗಳ ದೂರದಲ್ಲಿರುವುದರಿಂದ ಭೂಮಿಗೆ ಕೇಡಿಲ್ಲ. ಬೆಳಕು ಮಾತ್ರ ದೊರೆಯುವುದು. ಆ ಕಾಯುವಿಕೆಯಲ್ಲಿ ಪಾಪವಿತ್ತೆನ್ನಲಾಗದು. ಅಲ್ಲಿ ಯಾರಾದರೂ ಇದ್ದಾರೆಯೆ ಎಂಬ ಯೋಚನೆ ಮಾತ್ರ ಬಹಳ ಮಂದಿಗೆ ಬಂದಿರಲಾರದು.

ನಕ್ಷತ್ರಕ್ಕೆ ದೋಷವಿಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ಈ ವಾದದಿಂದ ಪ್ರಶ್ನೆ ತೀರಿತೆನ್ನುವುದು ಅವಸರ. ಏತಕ್ಕೆಂದರೆ ಪ್ರಶ್ನೆಯು ನಕ್ಷತ್ರದ ಗುಣವನ್ನು ಕುರಿತದ್ದಲ್ಲ. ಬೆಳಕನ್ನು ಪಡೆದವನ ಗುಣವನ್ನು ಕುರಿತದ್ದು. ಕಾಲರೆಗೆ ಮನಸ್ಸಿಲ್ಲ. ಆದರೂ ಕಾಲರೆಯಿಂದ ಸತ್ತವನ ಗದ್ದೆ ದಾಯಾದಿಗೆ ಬಂದಾಗ, ಆ ದಾಯಾದಿಯು ಸತ್ತವನ ಹೆಂಡತಿಮಕ್ಕಳನ್ನು ಹೇಗೆ ಕಂಡನೆಂದು ಊರು ಕೇಳಿಯೇ ಕೇಳುತ್ತದೆ. ಘಟನೆಗೆ ಕರ್ತೃವಿಲ್ಲದಿದ್ದರೂ ಫಲಕ್ಕೆ ಭೋಕ್ತೃವುಂಟು. ಭೋಕ್ತೃವಿರುವ ಕಡೆ ಧರ್ಮವೂ ಉಂಟು.

೪

ಈಗ ಚಿತ್ರದ ಕೊನೆಯಲ್ಲಿರುವ ಸಮಾಧಾನದ ವಿಚಾರ. ಇಡೀ ಪ್ರಶ್ನೆಯ ತಿರುಳು ಇಲ್ಲಿಯೇ ಇದೆ. ಅಳಿದ ಜನರೇ ತಮಗಾಗಿ ಅಳಬೇಡಿರೆಂದು ಬರೆದಿಟ್ಟರೆ, ಉಳಿದವರು ಅಳುವುದನ್ನು ಬಿಡಬಹುದಲ್ಲವೆ? ಬಿಡಬಹುದು. ಸಾಯುವವನು ಬಳಿಯಲ್ಲಿದ್ದವರ ಕಣ್ಣೀರನ್ನು ಒರಸಿದ ದೃಷ್ಟಾಂತಗಳು ಲೋಕದಲ್ಲಿ ಬೇಕಾದಷ್ಟಿವೆ. ಮನುಷ್ಯನ ಹಿರಿಮೆಯ ಗುರುತು ಅದು. ಚಿತ್ರದಲ್ಲಿ ಆ ಸಮಾಧಾನವನ್ನು ದೈವಭಕ್ತನಾದ ಪಾದ್ರಿಗೆ ತಂದುಕೊಟ್ಟವನು ದೇವರಲ್ಲಿ ನಂಬಿಕೆಯಿಲ್ಲದ ವಿಜ್ಞಾನಿಯೆಂಬುದೂ ಮೆಚ್ಚತಕ್ಕ ವಿಷಯ.

ಆದರೆ ಕ್ಲಾರ್ಕ್ ಅವರ ಕಥೆಯಲ್ಲಿ ಆ ಪದ್ಯವಿಲ್ಲ. ಅದನ್ನು ಸೇರಿಸಿದವರು ಚಿತ್ರವನ್ನು ಮಾಡಿದವರು. ಹಬ್ಬದ ವಾರದಲ್ಲಿ ಮನೆಯಲ್ಲಿ ಕುಳಿತು ನೋಡುವ ಸಂಸಾರಗಳಿಗೆ, ಅವರ ಹಬ್ಬದ ನಕ್ಷತ್ರವೇ ಒಂದು ಲೋಕದ ಚಿತೆಯೆಂದು ಹೇಳಿ ಅಲ್ಲಿಗೇ ಬಿಟ್ಟುಬಿಡುವುದು ಕಷ್ಟವೆನಿಸಿದ್ದರೆ ಆಶ್ಚರ್ಯವಲ್ಲ. ಈ ಮಾರ್ಪಾಟಿನ ಸ್ವರೂಪವನ್ನು ಮಾತ್ರ ಸ್ಪಷ್ಟವಾಗಿ ತಿಳಿಯಬೇಕು. ಬೆಳಕಿನ ಹಬ್ಬವನ್ನು ಆಚರಿಸುವವರ ಪರವಾಗಿ ಬರೆಯುವ ಲೇಖನಿ, ಸುಟ್ಟುಹೋದವರ ಬಾಯಲ್ಲಿ ಕ್ಷಮೆಯ ಮಾತನ್ನು ಇಟ್ಟಿದೆ. ಫಲವನ್ನು ಉಂಡವನೇ ಕೊಟ್ಟವನ ಹೆಸರಿನಲ್ಲಿ ರಶೀದಿ ಬರೆದುಕೊಂಡಂತಾಯಿತು.

ಕಟ್ಟುಕಥೆಯಲ್ಲಿ ಯಾರ ಬಾಯಲ್ಲಿ ಯಾವ ಮಾತನ್ನು ಇಟ್ಟರೆ ಏನು, ಎಲ್ಲವೂ ಕಲ್ಪನೆಯೇ ಅಲ್ಲವೆ ಎಂದು ಇಲ್ಲಿ ಕೇಳಬಹುದು. ಕೇಳತಕ್ಕ ಮಾತೇ. ಕಲ್ಪಿತ ಜನಾಂಗಕ್ಕೆ ಇದರಿಂದ ಯಾವ ಹಾನಿಯೂ ಇಲ್ಲ. ಹಾನಿಯಾಗುವುದು ಪ್ರೇಕ್ಷಕನ ಅಭ್ಯಾಸಕ್ಕೆ. ನೊಂದವರು ಹೇಗೂ ಕ್ಷಮಿಸಿರುತ್ತಾರೆಂದು ಭಾವಿಸಿ ಎದ್ದುಹೋಗುವ ಅಭ್ಯಾಸವನ್ನು ಅವನು ತೆರೆಯ ಮುಂದೆ ಕಲಿತರೆ, ತೆರೆಯಿಂದ ಆಚೆಗೂ ಅದನ್ನೇ ಮಾಡಿಯಾನು. ಕಲೆಯು ನೀತಿಪಾಠವನ್ನು ಹೇಳಬೇಕಾಗಿಲ್ಲವೆಂಬುದು ನಿಜ. ಆದರೆ ಕಲೆಯ ಸಂಸ್ಕಾರ ಮನಸ್ಸಿನಲ್ಲಿ ನಿಲ್ಲುವುದಿಲ್ಲವೆಂದು ಯಾವ ಅಲಂಕಾರಿಕನೂ ಹೇಳಿಲ್ಲ.

೫

ಕನ್ನಡದ ಜನಪದರು ಇದೇ ಪ್ರಸಂಗವನ್ನು ಎದುರಿಸಿದ ಬಗೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ‘ಕೆರೆಗೆ ಹಾರ’ ಎಂಬ ಕಥನಗೀತೆಯನ್ನು ಕೇಳದ ಕನ್ನಡಿಗರು ವಿರಳ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ. ಹೊತ್ತಿಗೆ ತೆಗೆಸಿ ನೋಡಿದಾಗ ಸೊಸೆಯೊಬ್ಬಳನ್ನು ಹಾರ ಕೊಡಬೇಕೆಂದು ತಿಳಿಯಿತು. ಕಿರಿಯ ಸೊಸೆ ಭಾಗೀರಥಿಯನ್ನು ಆರಿಸಿದರು. ನೀರು ತುಂಬಿತು, ಅವಳು ಮುಳುಗಿದಳು. ದಂಡಿನಲ್ಲಿದ್ದ ಗಂಡ ಮಾದೇವರಾಯ ಬಂದು, ನಿಜವನ್ನು ತಿಳಿದು, ಅದೇ ಕೆರೆಗೆ ಹಾರಿದ.

ತೀರ್ಮಾನ ಮಾಡಿದವರು ಮನೆಯ ಹಿರಿಯರು, ಮುಳುಗಿದವಳು ಸೊಸೆ, ನೀರು ಕುಡಿದದ್ದು ಊರು. ಇಷ್ಟಾದ ಮೇಲೆ, ಭಾಗೀರಥಿ ನೀರಿನಿಂದೆದ್ದು ಊರು ಸುಖವಾಗಿರಲಿ, ನನಗಾಗಿ ಅಳಬೇಡಿ ಎಂದು ಹರಸಿದಳೆಂಬ ನುಡಿಯೊಂದನ್ನು ಕೊನೆಯಲ್ಲಿ ಸೇರಿಸುವುದು ಹಾಡುವವರಿಗೆ ಎಷ್ಟು ಸುಲಭವಾಗಿತ್ತು! ಅವರು ಸೇರಿಸಲಿಲ್ಲ. ಅದಕ್ಕೆ ಬದಲಾಗಿ ಮಾದೇವರಾಯನನ್ನು ತಂದರು. ಅವನು ಯಾವ ಸಮಾಧಾನವನ್ನೂ ಒಪ್ಪದೆ ಹೋದವನು. ಓದುಬರಹ ಬಾರದ ಹೆಂಗಸರು ರಾಗಿ ಬೀಸುತ್ತ, ನಾಟಿ ಹಾಕುತ್ತ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ಇಂತಹ ಹಾಡುಗಳಲ್ಲಿ ಇರುವ ಧರ್ಮಸೂಕ್ಷ್ಮ ಅನೇಕ ಪಂಡಿತರ ಬರಹಗಳಲ್ಲಿ ಸಿಕ್ಕುವುದಿಲ್ಲ. ಹಾಡನ್ನು ಕೇಳಿದವರು ಕೆರೆಯ ನೀರನ್ನು ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಆದರೆ ನೀರನ್ನು ತರುವಾಗ ಅವಳ ಹೆಸರನ್ನು ಹೇಳಿದರು.

ಗಾವಡಗೆರೆ ತನ್ನ ಹೆಸರಿನಲ್ಲಿಯೇ ಕೆರೆಯನ್ನು ಇಟ್ಟುಕೊಂಡ ಊರು. ಅದರ ಸುತ್ತಣ ಸೀಮೆಯಲ್ಲಿ ಈ ಹಾಡಿನ ಅರ್ಥ ಹಳೆಯ ಕಾಲದ್ದಾಗಿ ಉಳಿದಿಲ್ಲ. ಕೃಷ್ಣರಾಜಸಾಗರದ ಕಟ್ಟೆಯ ಕೆಲಸ ೧೯೧೧ರಲ್ಲಿ ಆರಂಭವಾಯಿತು. ಹಳೆಯ ಕನ್ನಂಬಾಡಿಯೂ ಸುತ್ತಲ ಹಳ್ಳಿಗಳೂ ನೀರಿನಡಿಯಲ್ಲಿ ಸೇರಿದುವು. ಅಲ್ಲಿಯ ವೇಣುಗೋಪಾಲಸ್ವಾಮಿಯ ದೇವಾಲಯ ಬರದ ವರ್ಷಗಳಲ್ಲಿ ಮಾತ್ರ ತಲೆಯೆತ್ತಿ ಕಾಣಿಸುತ್ತಿತ್ತು. ಈಚೆಗೆ ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ ದಡದ ಮೇಲೆ ಮರಳಿ ಕಟ್ಟಿದ್ದಾರೆ. ಹೆಗ್ಗಡದೇವನಕೋಟೆಯಲ್ಲಿ ಕಬಿನಿಯ ಜಲಾಶಯ ೧೯೭೪ರಲ್ಲಿ ಮುಗಿದಾಗ, ಕಾಕನಕೋಟೆಯ ಕಾಡಿನ ಹಳೆಯ ಖೆಡ್ಡಾದ ನೆಲವೂ ಅನೇಕ ಹಳ್ಳಿಗಳೂ ಮುಳುಗಿದುವು. ನಾಗರಹೊಳೆಯ ಕಾಡು ಹುಲಿಗೆ ಮೀಸಲಾದ ಮೇಲೆ ಜೇನುಕುರುಬರ ಎಷ್ಟೋ ಸಂಸಾರಗಳು ಹಾಡಿಗಳನ್ನು ಬಿಟ್ಟು ಹೊರಗೆ ಬಂದುವು. ಈ ಮೂರು ಕಾರ್ಯಗಳಿಂದಲೂ ನಾಡಿಗೆ ಒಳ್ಳೆಯದಾಗಿಲ್ಲವೆಂದು ಹೇಳಲಾಗದು. ಮಂಡ್ಯದ ಗದ್ದೆ ಹಸುರಾಯಿತು, ನಗರಗಳಿಗೆ ಕುಡಿಯುವ ನೀರು ಬಂದಿತು, ಹುಲಿ ಉಳಿಯಿತು. ಕಬಿನಿಯ ಹಿನ್ನೀರಿನ ಮೇಲೆ ಸೂರ್ಯಾಸ್ತವನ್ನೂ ಆನೆಯ ಹಿಂಡನ್ನೂ ನೋಡುವುದಕ್ಕೆ ದೇಶದೇಶಗಳಿಂದ ಪ್ರೇಕ್ಷಕರು ಬರುತ್ತಾರೆ. ಅವರಿಗೆ ಅದು ಅದ್ಭುತರಸ. ನೀರಿನಡಿಯಲ್ಲಿ ಯಾರ ಅಡುಗೆಮನೆ ಇದೆಯೆಂಬುದು ದೋಣಿಯಿಂದ ಕಾಣದು.

ಇಂತಹ ಸಂದರ್ಭಗಳಲ್ಲೆಲ್ಲ ಸಭೆಗಳಲ್ಲಿ ಕೇಳಿಬರುವ ಒಂದು ಮಾತುಂಟು: ನೆಲವನ್ನು ಬಿಟ್ಟುಕೊಟ್ಟವರ ‘ತ್ಯಾಗ’. ಮಾತು ಸದುದ್ದೇಶದ್ದೇ. ಆದರೆ ತ್ಯಾಗವೆಂದರೆ ತಾನಾಗಿ ಬಿಡುವುದು. ಬಿಡಿಸಿಕೊಂಡವರು ಬಿಟ್ಟವರ ನಷ್ಟಕ್ಕೆ ಆ ಹೆಸರನ್ನು ಇಟ್ಟರೆ ಅರ್ಥ ತಲೆಕೆಳಗಾಗುತ್ತದೆ. ನೆಲ ಕಳೆದುಕೊಂಡ ಅಜ್ಜಿಯೊಬ್ಬಳು, ಹೋಗಲಿ, ಹತ್ತು ಮಂದಿಗೆ ಅನ್ನವಾಯಿತಲ್ಲ ಎಂದರೆ ಅದು ತ್ಯಾಗದ ಮಾತು, ಅದಕ್ಕೆ ಕೈಮುಗಿಯಬೇಕು. ಅನ್ನವನ್ನು ಉಂಡವನೇ ಅವಳ ಪರವಾಗಿ ಅದನ್ನು ಹೇಳಿಬಿಟ್ಟರೆ, ಅವಳು ಹೇಳುವುದಕ್ಕಿದ್ದ ಬೇರೆ ಮಾತಿಗ ಜಾಗವಿಲ್ಲದಂತಾಗುತ್ತದೆ. ಚಿತ್ರದ ಪದ್ಯದ ದೋಷವೂ ಇದೇ, ಸಭೆಯ ಮಾತಿನ ದೋಷವೂ ಇದೇ. ಸಮಾಧಾನವನ್ನು ಕೊಡುವ ಅಧಿಕಾರ ನೊಂದವರದು. ಅದನ್ನು ಅವರಿಂದ ಪಡೆಯಬಹುದು, ಅವರ ಹೆಸರಿನಲ್ಲಿ ತೆಗೆದುಕೊಳ್ಳಬಾರದು.

೬

ಇಲ್ಲಿ ಬಲವಾದ ಒಂದು ಪೂರ್ವಪಕ್ಷ ಏಳುತ್ತದೆ. ಹೀಗೆ ಲೆಕ್ಕ ಹಾಕುತ್ತ ಹೋದರೆ ಮನುಷ್ಯನು ಯಾವುದನ್ನು ತಾನೇ ನೆಮ್ಮದಿಯಿಂದ ಅನುಭವಿಸಬಲ್ಲ? ಉಸಿರಾಡುವ ಆಮ್ಲಜನಕ, ಮೂಳೆಯ ಸುಣ್ಣ, ನೆತ್ತರಿನ ಕಬ್ಬಿಣ ಇವೆಲ್ಲವೂ ಹಿಂದೆ ಎಂದೋ ಉರಿದು ಸಿಡಿದ ನಕ್ಷತ್ರಗಳ ಒಡಲಿನಲ್ಲಿ ಬೆಂದು ಬಂದವು. ಒಂದು ಚಿನ್ನದ ತಾಳಿಯನ್ನೇ ತೆಗೆದುಕೊಳ್ಳಬಹುದು. ಚಿನ್ನದಂತಹ ಭಾರವಾದ ಧಾತುಗಳು ಸತ್ತ ನಕ್ಷತ್ರಗಳೆರಡು ಒಂದಕ್ಕೊಂದು ಡಿಕ್ಕಿ ಹೊಡೆದಾಗ ಹುಟ್ಟುವುದಕ್ಕೆ ೨೦೧೭ರ ಆಗಸ್ಟಿನಲ್ಲಿ ಕಂಡ ಅಂತಹ ಘಟನೆಯಿಂದ ಸಾಕ್ಷ್ಯ ದೊರೆಯಿತು. ಆ ಚಿನ್ನ ಕೋಲಾರದ್ದಾದರೆ, ಗಣಿಗೆ ೧೯೦೨ರಿಂದ ವಿದ್ಯುತ್ತು ಬಂದದ್ದು ಶಿವನಸಮುದ್ರದಿಂದ. ಶಿವನಸಮುದ್ರಕ್ಕೆ ಬೇಸಗೆಯಲ್ಲಿಯೂ ನೀರು ತಪ್ಪದಂತೆ ಮಾಡಿದ್ದು ಕನ್ನಂಬಾಡಿಯನ್ನು ಮುಳುಗಿಸಿದ ಕಟ್ಟೆ. ಆಳದಲ್ಲಿ ಬಂಡೆ ಒಡೆದು ಸತ್ತ ಕೂಲಿಗಳೋ ಬೇರೆ. ಅದೇ ಗಣಿಯ ಆಳದಲ್ಲಿ, ೧೯೬೫ರಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣಗಳನ್ನು ವಿಜ್ಞಾನಿಗಳು ಪತ್ತೆ ಮಾಡಿದರು. ೧೯೮೭ರ ಫೆಬ್ರವರಿಯಲ್ಲಿ ಸುಮಾರು ೧,೬೮,೦೦೦ ಜ್ಯೋತಿರ್ವರ್ಷಗಳ ದೂರದ ಸೂಪರ್ನೋವಾ ಕಾಣಿಸಿದಾಗ, ಅಂತಹವೇ ಕಣಗಳು ಬೆಳಕಿಗಿಂತ ಮೊದಲು ಬಂದು, ಜಪಾನ್, ಅಮೆರಿಕ, ರಷ್ಯಗಳ ನೆಲದಾಳದ ಯಂತ್ರಗಳಿಗೆ ನಕ್ಷತ್ರದ ಸಾವಿನ ಸುದ್ದಿಯನ್ನು ಮುಟ್ಟಿಸಿದುವು. ಒಂದು ಗುಂಜಿ ಚಿನ್ನದ ಹಿಂದೆ ಇಷ್ಟು ನಾಶದ ಕಥೆಯಿರುವಾಗ, ಮದುವೆಯ ಮನೆಯಲ್ಲಿ ನಗುವುದು ಹೇಗೆ?

ಇದಕ್ಕೆ ಸಮಾಧಾನವು ಋಣವೆಂಬ ಮಾತಿನಲ್ಲಿದೆ. ಮನುಷ್ಯನು ಹುಟ್ಟುತ್ತಲೇ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಋಣಿಯೆಂದು ಹಿಂದಿನವರು ಹೇಳಿದರು, ಪಾಪಿಯೆಂದು ಹೇಳಲಿಲ್ಲ. ಈ ಭೇದ ದೊಡ್ಡದು. ಪಾಪಿಯೆಂದುಕೊಂಡವನಿಗೆ ತನ್ನ ಮೇಲೆಯೇ ಕಣ್ಣು. ತಾನು ಶುದ್ಧನಾಗುವುದು ಹೇಗೆಂಬುದೇ ಅವನ ಚಿಂತೆ. ಅದು ಬಲಿತರೆ ಹತಾಶೆಯಾಗುತ್ತದೆ, ಇಲ್ಲವೆ ಅಗ್ಗದ ಕ್ಷಮೆಯನ್ನು ಹುಡುಕುತ್ತದೆ. ಋಣಿಯೆಂದುಕೊಂಡವನಿಗೆ ಕಣ್ಣಿರುವುದು ಕೊಟ್ಟವರ ಮೇಲೆ. ಅವನು ಉಣ್ಣುವುದನ್ನು ಬಿಡನು, ನಗುವುದನ್ನು ಬಿಡನು. ಯಾರದನ್ನು ಉಂಡೆನೆಂಬುದನ್ನು ಮರೆಯನು. ತೀರಿಸಬಲ್ಲ ಕಡೆ ತೀರಿಸುವನು.

ತೀರಿಸಬಲ್ಲ ಕಡೆ ಎಂಬ ಮಾತನ್ನು ಒತ್ತಿ ಹೇಳಬೇಕು. ನಕ್ಷತ್ರದ ಋಣವನ್ನು ತೀರಿಸುವ ಬಗೆಯಿಲ್ಲ. ಅಲ್ಲಿ ಮಾಡಬಹುದಾದದ್ದು ನಿಜವನ್ನು ತಿಳಿದು ನೆನೆಯುವುದೊಂದೇ. ಕ್ಲಾರ್ಕ್ ಅವರ ಪಾದ್ರಿಯೂ ಬೇರೇನನ್ನೂ ಮಾಡಲಾರ. ತನ್ನ ನಂಬಿಕೆಗೆ ಕಹಿಯಾದ ಲೆಕ್ಕವನ್ನು ಅವನು ಮುಚ್ಚಿಡಲಿಲ್ಲವೆಂಬುದೇ ಅವನ ದೊಡ್ಡತನ. ಆದರೆ ಕಬಿನಿಯ ಹಿನ್ನೀರಿನಿಂದ ಎದ್ದುಹೋದವರು, ಕಾಡಿನಿಂದ ಹೊರಗೆ ಬಂದವರು ಜ್ಯೋತಿರ್ವರ್ಷಗಳ ಆಚೆ ಇಲ್ಲ. ಅವರ ಮೊಮ್ಮಕ್ಕಳು ಹುಣಸೂರಿನ ಸಂತೆಗೆ ಬರುತ್ತಾರೆ. ಅವರ ಬೆಳಕು ಇನ್ನೂ ದಾರಿಯಲ್ಲಿದೆಯೆಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಅವರಿಗೆ ಸಲ್ಲಬೇಕಾದ ನೆಲ, ಶಾಲೆ, ಹಕ್ಕುಪತ್ರಗಳ ವಿಚಾರದಲ್ಲಿ ಪ್ರೇಕ್ಷಕನಾಗಿ ಕುಳಿತವನು ಬ್ಯಾರನ್ನಿನ ಬೇಲಿಯ ಆಚೆ ನಿಂತವನೇ ಹೊರತು ಚೀನಾದ ಜ್ಯೋತಿಷಿಯಲ್ಲ.

ಆದಕಾರಣ ಮೂರು ಪಂಗಡದ ಪ್ರೇಕ್ಷಕರಲ್ಲಿಯೂ ಒಂದೊಂದು ನಿಜವಿದೆಯೆಂದು ಒಪ್ಪಬೇಕು. ಬೆಳಕನ್ನು ಕಂಡು ಬೆರಗಾಗುವುದು ತಪ್ಪಲ್ಲ. ನಕ್ಷತ್ರವನ್ನು ದೂರುವುದರಲ್ಲಿ ಅರ್ಥವಿಲ್ಲ. ಸುಟ್ಟುಹೋದವರನ್ನು ಕುರಿತು ಕೇಳುವುದನ್ನು ಬಿಡಬಾರದು. ಅವರು ಕ್ಷಮಿಸಿದರೋ ಇಲ್ಲವೋ ಎಂಬುದನ್ನು ಬೆಳಕು ಪಡೆದವನು ತಾನೇ ತೀರ್ಮಾನಿಸದೆ, ಅವರು ಇನ್ನೂ ಮಾತನಾಡಬಲ್ಲವರಾಗಿದ್ದರೆ ಹತ್ತಿರ ಹೋಗಿ ಕುಳಿತು ಕೇಳಬೇಕು. ಉತ್ತರ ಹಿತವಾಗಿದ್ದರೆ ಭಾಗ್ಯ. ಕಹಿಯಾಗಿದ್ದರೂ ಅದು ಅವರ ಮಾತು. ಅದನ್ನು ಪೂರ್ತಿಯಾಗಿ ಕೇಳುವುದೇ ಋಣದ ಮೊದಲನೆಯ ಕಂತು.